ನೊಂದ ಮಾಂಸಖಂಡವನ್ನು ತಿಕ್ಕಬಹುದೇ?

ನಮ್ಮ ಶರೀರದಲ್ಲಿ ಎಲುಬುಗಳನ್ನು ಆಡಿಸುವ ಮಾಂಸಖಂಡಗಳು 600ಕ್ಕೂ ಮಿಕ್ಕಿರುವುವು. ಒಂದೊಂದೂ ಕೂದಲಿನಂಥ ಸಹಸ್ರಾರು ಎಳೆಗಳ ಕಟ್ಟು. ಓಡುವಾಗಲೋ ಭಾರವೆತ್ತುವಾಗಲೋ ಶಕ್ತಿಮೀರಿದ ಸೆಳೆತವುಂಟಾದರೆ ಕೆಲವು ಎಳೆಗಳು ಹರಿದು, ಒಳಗೆ ರಕ್ತ ಸೋರಿ, ಬಾವು ಬರುವುದು. ಕೀಲನ್ನು ಬಿಗಿದಿರುವ ಕಟ್ಟುಗಳಿಗೆ ಪೆಟ್ಟಾಗುವ ಉಳುಕು ಇದಕ್ಕಿಂತ ಭಿನ್ನವಾದದ್ದು. ಆದರೂ ಮೊದಲ ಉಪಚಾರವು ಎರಡಕ್ಕೂ ಒಂದೇ.

ಮಗುವು ಕುಂಟುತ್ತ ಮನೆಗೆ ಬಂದೊಡನೆ ಎಣ್ಣೆ ಕಾಸಿ ಬಲವಾಗಿ ತಿಕ್ಕುವುದು ನಮ್ಮಲ್ಲಿ ರೂಢಿ. ಅಜ್ಜಿಯಂದಿರು ಕ್ಷಮಿಸಬೇಕು, ಇದು ಅಪಾಯಕರ. ಶಾಖದಿಂದ ರಕ್ತನಾಳಗಳು ಅರಳಿ ಸೋರಿಕೆ ಹೆಚ್ಚುವುದು. ತೊಡೆಯ ಮುಂಭಾಗಕ್ಕೆ ಬಲವಾದ ಪೆಟ್ಟು ತಗಲಿದಾಗಲಂತೂ, ಒಡನೆಯೇ ತಿಕ್ಕಿದರೆ ಕೆಲವೊಮ್ಮೆ ಮಾಂಸದೊಳಗೇ ಎಲುಬು ಬೆಳೆದು, ಮೊಣಕಾಲು ಮಡಿಸುವುದು ತಿಂಗಳುಗಟ್ಟಲೆ ಕಷ್ಟವಾಗುವುದುಂಟು.

ಆದಕಾರಣ ಮೊದಲ 2-3 ದಿನ ತಿಕ್ಕಲೂ ಬಾರದು, ಶಾಖ ಕೊಡಲೂ ಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಟ್ಟು ತೆಗೆಯಬೇಕು. ಅದು ದೊರೆಯದಿದ್ದರೆ ತಣ್ಣೀರಿನ ಬಟ್ಟೆ. ಅಗಲವಾದ ಪಟ್ಟಿಯನ್ನು ಹದವಾಗಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು. ಬೆರಳುಗಳು ಜೋಮು ಹಿಡಿದರೆ ಪಟ್ಟಿಯನ್ನು ಸಡಿಲಿಸತಕ್ಕದ್ದು. ಅನಂತರ ವಾರಗಟ್ಟಲೆ ಮಲಗಿಸುವುದೂ ಬೇಡ. ದುಡಿಯದ ಮಾಂಸಖಂಡವು ಬೇಗನೆ ಸೊರಗುವುದು. ನೋವು ತಾಳುವಷ್ಟು ಮೆಲ್ಲಮೆಲ್ಲನೆ ಆಡಿಸಬೇಕು.

ಓಡುವಾಗ ಹಗ್ಗ ಕಡಿದಂಥ ಸದ್ದು ಕೇಳಿಸಿ, ಹಿಮ್ಮಡಿಯ ಮೇಲ್ಗಡೆ ತಗ್ಗು ತೋರಿ, ತುದಿಗಾಲಲ್ಲಿ ನಿಲ್ಲಲಾಗದೆ ಹೋದರೆ ಅದನ್ನು ಉಳುಕೆಂದು ಉಪೇಕ್ಷಿಸಬಾರದು. ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿರುವ ರಜ್ಜುವೇ ಹರಿದಿರಬಹುದು. ಅಂಥವರನ್ನು ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.