ನೂರು ಸಿಸಿ ಸಾಕೇ?

ಪ್ರಶ್ನೆ: ಕೆಂಗೇರಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ದಿನಾ ಕೆಲಸಕ್ಕೆ ಹೋಗಬೇಕು. ಹೆಂಡತಿಯನ್ನು ದಾರಿಯಲ್ಲಿ ಬನಶಂಕರಿಯಲ್ಲಿ ಇಳಿಸಬೇಕು. ಹೀರೋ ಸ್ಪ್ಲೆಂಡರ್ ಪ್ಲಸ್ ಕೊಳ್ಳಲೋ, ಹೋಂಡಾ ಶೈನ್ 125 ಕೊಳ್ಳಲೋ?

ಉತ್ತರ: ನಿಮಗೆ ಶೈನ್ ಸರಿಹೋಗುತ್ತದೆ. ನೀವೊಬ್ಬರೇ ಓಡಾಡುವುದಾದರೆ ಸ್ಪ್ಲೆಂಡರ್‌ನ 97 ಸಿಸಿ ಎಂಜಿನ್ ಧಾರಾಳವಾಗಿ ಸಾಕಿತ್ತು. ಪೆಟ್ರೋಲ್ ಖರ್ಚು ಕಡಿಮೆ, ಬಿಡಿಭಾಗಗಳು ಸಣ್ಣ ಊರಲ್ಲೂ ಸಿಗುತ್ತವೆ. ಆದರೆ ಇಬ್ಬರು ಕೂತು, ಫ್ಲೈಓವರ್ ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವಾಗ ಶೈನ್‌ನ 124 ಸಿಸಿಯ ಎಳೆತ ಬೇಕೇ ಬೇಕು. ಎಳೆತ ಸಾಲದೆ ಪದೇ ಪದೇ ಹಾಫ್ ಕ್ಲಚ್‌ನಲ್ಲಿ ಓಡಿಸಿದರೆ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ.

ಮುಂದೆ ಡಿಸ್ಕ್ ಬ್ರೇಕ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಹಿಡಿಯುವ ಸಿಬಿಎಸ್ ಇದ್ದೇ ಇರುತ್ತದೆ. ಆದರೂ ಎರಡನ್ನೂ ಒಟ್ಟಿಗೆ ಹಿಡಿಯುವ ಅಭ್ಯಾಸ ಬಿಡಬೇಡಿ.

ಟೆಸ್ಟ್ ರೈಡ್‌ಗೆ ಹೆಂಡತಿಯನ್ನೂ ಕೂರಿಸಿಕೊಂಡು ಹೋಗಿ. ಸೆಕೆಂಡ್ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಡಿ ಜಗ್ಗುತ್ತದೆಯೇ, ನಿಂತಾಗ ನಿಮ್ಮ ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡಿ. ಬೆಲೆ ಕೇಳುವಾಗ ಎಕ್ಸ್ ಶೋರೂಮ್ ಬಿಡಿ, ಆನ್ ರೋಡ್ ಕೇಳಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತಿನ ಎರಡು ಹೆಲ್ಮೆಟ್‌ಗೆ ಮೊದಲೇ ಹಣ ಎತ್ತಿಡಿ.