ಕೆಂಪು ನೀರು ತಿಳಿಯಾಗುವುದು ಹೇಗೆ?

ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ದುಡಿಯಲು ಗೋವಾಕ್ಕೆ ಬಂದವರೇ, ಮಳೆಗಾಲದಲ್ಲಿ ಇಲ್ಲಿನ ಹೊಳೆ ನೋಡಿದ್ದೀರಲ್ಲ? ನೀರು ಕೆಂಪಗೆ ಹರಿಯುತ್ತದೆ. ಇಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದಕ್ಕೇ ಆ ಬಣ್ಣ.

ಅಂಥ ಒಂದು ಕೊಡ ನೀರನ್ನು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಮರಳು ತಳದಲ್ಲಿ ಕೂತಿರುತ್ತದೆ. ಆದ್ರೆ ನೀರು ಇನ್ನೂ ಕೆಂಪಗೇ ಇರುತ್ತೆ. ಯಾಕೆ?

ಒಂದು ಮಿಲಿಮೀಟರನ್ನು 1000 ಪಾಲು ಮಾಡಿ. ಅದರ ಒಂದು ಪಾಲಿಗಿಂತಲೂ ಸಣ್ಣ ಕಣಗಳು ಮಣ್ಣಿನಲ್ಲಿವೆ. ಇವು ನೀರಿನಲ್ಲಿ ಕರಗುವುದಿಲ್ಲ, ಬೇಗ ತಳಕ್ಕೂ ಇಳಿಯುವುದಿಲ್ಲ. ಇಂಥ ಮಿಶ್ರಣಕ್ಕೆ ಕಲಿಲ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕೊಲಾಯ್ಡ್. 1861ರಲ್ಲಿ ಥಾಮಸ್ ಗ್ರಹಾಂ ಎಂಬ ವಿಜ್ಞಾನಿ ಇಟ್ಟ ಹೆಸರು ಅದು. ನಾವು ಕುಡಿಯುವ ಹಾಲೂ ಒಂದು ಕಲಿಲವೇ.

ಈ ಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಎಲ್ಲ ಕಣಗಳಲ್ಲೂ ಒಂದೇ ತರಹದ್ದು. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರ ಬಾರದೆ ಗಂಟಾಗುವುದಿಲ್ಲ. ಗಂಟಾಗದೆ ಭಾರ ಆಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಪಟಿಕ. ಕೆಲವರು ತುರಟಿ ಅಂತಾರೆ. ಗಡ್ಡ ಕೆರೆದ ಮೇಲೆ ಕೆನ್ನೆಗೆ ಉಜ್ಜುವ ಬಿಳಿ ಹರಳು ಇದೇ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ. ಅದರದು ಧನ ವಿದ್ಯುತ್. ಋಣಕ್ಕೆ ಧನ ಸೇರಿದಾಗ ಜಗಳ ಮುಗಿಯಿತು! ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಎಳೆಯಂಥ ಗಂಟಾಗಿ, ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ನುಗ್ಗೆ ಬೀಜದ ಪುಡಿಯೂ ಇದೇ ಕೆಲಸ ಮಾಡುತ್ತದೆ.

ಹೊಳೆ ಸಮುದ್ರ ಸೇರುವಲ್ಲಿ ಯಾರೂ ಪಟಿಕ ಹಾಕುವುದಿಲ್ಲ. ಅಲ್ಲಿ ಉಪ್ಪೇ ಆ ಕೆಲಸ ಮಾಡುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿ, ಗೋವಾದಲ್ಲಿ ಮಾಂಡವಿ ಆಗಿ ಪಣಜಿ ಹತ್ತಿರ ಕಡಲು ಸೇರುತ್ತಾಳೆ. ಉಪ್ಪುನೀರು ತಾಗಿದಾಗ ಅವಳು ತಂದ ಮಣ್ಣು ಗಂಟಾಗತೊಡಗುತ್ತದೆ. ಪಣಜಿ ಬಳಿಯ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಅದು 1966ರಲ್ಲಿ ಶುರುವಾಯಿತು. ಮಾಂಡವಿ, ಜುವಾರಿ ನದಿಗಳಲ್ಲಿ ತೇಲುವ ಈ ಕಣಗಳನ್ನು ಅಲ್ಲಿನ ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಪೋಂಡಾ ಹತ್ತಿರದ ಓಪಾದಲ್ಲಿ ಖಾಂಡೇಪಾರ ಹೊಳೆಯ ನೀರನ್ನು ಶುದ್ಧ ಮಾಡಿ ನಲ್ಲಿಗೆ ಬಿಡುತ್ತಾರೆ. ಇಂಥ ಘಟಕಗಳಲ್ಲಿ ಮೊದಲು ಮಣ್ಣನ್ನು ಗಂಟು ಮಾಡಿ ಕೂರಿಸುತ್ತಾರೆ. ಆಮೇಲೆ ಮರಳಿನಲ್ಲಿ ಸೋಸುತ್ತಾರೆ. ಕೊನೆಗೆ ಕ್ಲೋರಿನ್.

ಕ್ಲೋರಿನ್ ಕೊನೆಗೇ ಯಾಕೆ? ಇದನ್ನು ಗಮನವಿಟ್ಟು ಓದಿ. ಕದಡಿದ ನೀರಿನಲ್ಲಿ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಅಡಗುತ್ತವೆ. ಔಷಧ ಅವಕ್ಕೆ ಸರಿಯಾಗಿ ತಾಗಲ್ಲ. ಇನ್ನೊಂದು ಕಡೆ, ಪಟಿಕ ಹಾಕಿದ ನೀರು ಕನ್ನಡಿಯಂತೆ ತಿಳಿಯಾದರೂ ಅದರಲ್ಲಿ ರೋಗಾಣು ಉಳಿದಿರಬಹುದು. ತಿಳಿ ನೀರು ಕಂಡು ಮಗುವಿಗೆ ಹಾಗೇ ಕುಡಿಸಿದರೆ ವಾಂತಿಭೇದಿ ಆಗಬಹುದು. ಇದ್ದಿಲು ಹಾಕಿದರೆ ಸಾಲದೇ ಅಂತ ಕೇಳ್ತೀರಾ? ಇದ್ದಿಲಿನ ತುಂಬ ಕಣ್ಣಿಗೆ ಕಾಣದ ತೂತುಗಳಿವೆ. ಅವು ವಾಸನೆ, ಬಣ್ಣ ಹಿಡಿಯುತ್ತವೆ. ರೋಗಾಣು ಕೊಲ್ಲುವುದಿಲ್ಲ.

ಮನೆಯಲ್ಲಿ ಹೀಗೆ ಮಾಡಿ. ಪಟಿಕದ ಹರಳನ್ನು ಕೊಡದ ನೀರಿನಲ್ಲಿ ಏಳೆಂಟು ಸುತ್ತು ತಿರುಗಿಸಿ ತೆಗೆಯಿರಿ. ಜಾಸ್ತಿ ಬೇಡ, ನೀರು ಒಗರಾಗುತ್ತೆ. ಕೆಸರು ಕೂತ ಮೇಲೆ ಮೇಲಿನ ನೀರನ್ನು ಮಾತ್ರ ಬಟ್ಟೆಯಲ್ಲಿ ಸೋಸಿ, ಕಳಕಳ ಕುದಿಸಿ. ಆರಿದ ಮೇಲೆ ಕುಡಿಯಿರಿ.

ಮಾಡಿ ನೋಡಿ, ಬರೆಯಿರಿ:
ಮೂರು ಲೋಟಗಳಲ್ಲಿ ಕೆಂಪು ನೀರು ತುಂಬಿ. ಒಂದಕ್ಕೆ ಪಟಿಕ, ಒಂದಕ್ಕೆ ಉಪ್ಪು ಹಾಕಿ ಕಲಕಿ. ಮೂರನೆಯದಕ್ಕೆ ಏನೂ ಬೇಡ. ಒಂದು ಗಂಟೆ ಬಿಟ್ಟು ನೋಡಿ. ಯಾವುದು ಮೊದಲು ತಿಳಿಯಾಯಿತು? ಕಂಡದ್ದನ್ನು ಮೂರು ವಾಕ್ಯದಲ್ಲಿ ಬರೆದು, ನಾಳೆ ತರಗತಿಯಲ್ಲಿ ಓದಿ ಹೇಳಿ.