ನಾನು ಜೋಡಿಸಿದ ರೋಡ್ ಸೈಕಲ್ಲು

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಗಾಲಿ, ಚೈನು, ನಟ್ಟುಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಗುರುಗಳೂ ಮಿತ್ರರೂ ನಗಬಹುದು. ಆದರೆ 1903ರಲ್ಲಿ ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಅದಕ್ಕೂ ಮೊದಲು ಅಮೆರಿಕೆಯ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರೇ ಅಲ್ಲವೆ? ಅವರಿಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆ ಧೈರ್ಯದ ಮೇಲೆ ನನ್ನ ಸ್ವಾನುಭವವನ್ನು ವಾಚಕರ ಮುಂದಿಡುತ್ತೇನೆ.

ನಮ್ಮೂರಿನಿಂದ ವಿಜಯಪುರದ ಕಾಲೇಜಿಗೆ 18 ಕಿಲೋಮೀಟರು. ಬೆಳಗಿನ ಬಸ್ಸು ನಮ್ಮೂರಿಗೆ ಬರುವಾಗಲೇ ತುಂಬಿರುತ್ತದೆ. ಕಳೆದ ವರ್ಷ ಮೊದಲನೆಯ ತಾಸು ಎಷ್ಟೋ ಸಲ ತಪ್ಪಿ, ನನ್ನ ಹಾಜರಿ ನೂರಕ್ಕೆ 75ರ ಗೆರೆಯನ್ನು ಮುಟ್ಟುವುದೇ ಸಂಶಯವಾಗಿತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದವು. ಬೆಳಗಿನ ಜಾವ ರಸ್ತೆಯಲ್ಲಿ ಹುಡುಗರು ತೆಳುಗಾಲಿಯ, ಬಾಗಿದ ಹ್ಯಾಂಡಲ್ಲಿನ ಸೈಕಲ್ಲುಗಳ ಮೇಲೆ ಹಾರಿದಂತೆ ಹೋಗುವುದನ್ನು ಕಂಡು, ನನಗೂ ಅಂಥದೊಂದು ಬೇಕೆನಿಸಿತು. ದ್ರಾಕ್ಷಿ ತೋಟಗಳಲ್ಲಿ ರಜೆಯ ದಿನ ದುಡಿದು ಕೂಡಿಸಿದ ಹಣ 11,500 ರೂಪಾಯಿ. ಅದರಲ್ಲಿ 600 ರೂಪಾಯಿ ಪರೀಕ್ಷೆಯ ಶುಲ್ಕಕ್ಕೆ ಮೀಸಲು. ಹೊಸದನ್ನು ಕೊಳ್ಳುವುದು ದೂರದ ಮಾತು. ಆದುದರಿಂದ ಹಳೆಯ ಫ್ರೇಮು ತಂದು ನಾನೇ ಜೋಡಿಸಲು ನಿಶ್ಚಯಿಸಿದೆನು.

ಮೊದಲನೆಯದು ಫ್ರೇಮಿನ ಆಯ್ಕೆ. ಬಣ್ಣ ಹೋಗಿದ್ದರೆ ಬಳಿಯಬಹುದು. ಅಳತೆ ತಪ್ಪಿದರೆ ಉಪಾಯವಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಯ ಸಂದಿನಿಂದ ನೆಲದವರೆಗಿನ ಎತ್ತರವನ್ನು ಅಳೆಯಬೇಕು. ನನ್ನದು 80 ಸೆಂಟಿಮೀಟರು. ಅದನ್ನು 0.67ರಿಂದ ಗುಣಿಸಿದರೆ ಬೇಕಾದ ಫ್ರೇಮಿನ ಅಳತೆ ಸುಮಾರಾಗಿ ಸಿಕ್ಕುತ್ತದೆ: ನನಗೆ 53.6. ಪೆಡಲಿನ ಕೋಲುಗಳು ಕೂಡಿ ತಿರುಗುವ ಫ್ರೇಮಿನ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರಕ್ಕೆ 0.883ರಿಂದ ಗುಣಿಸಬೇಕು: ನನಗೆ 70.6. ಇದು ಆರಂಭದ ಲೆಕ್ಕ. ಮುಂದೆ ಮೊಣಕಾಲೇ ತಿದ್ದಿ ಹೇಳುತ್ತದೆ.

ಹಳೆಯ ಫ್ರೇಮು ಎಲ್ಲಿಯಾದರೂ ಬಿದ್ದು ಸೊಟ್ಟಾಗಿದೆಯೋ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಗಾಲಿ ಕೂಡುವ ಒಂದು ಬದಿಯಿಂದ ದಾರವನ್ನು ಹೊರಡಿಸಿ, ಮುಂದೆ ಹ್ಯಾಂಡಲ್ಲಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಸಮನಾಗಿದ್ದರೆ ಫ್ರೇಮು ನೆಟ್ಟಗಿದೆ. ನಾನು ನೋಡಿದ ಮೂರು ಫ್ರೇಮುಗಳಲ್ಲಿ ಎರಡನ್ನು ಈ ದಾರವೇ ಬೇಡವೆಂದಿತು. ಮೂರನೆಯದು ಉಕ್ಕಿನದು, ಹ್ಯಾಂಡಲ್ಲು, ಸೀಟು, ಪೆಡಲು, ಗೇರು ಬದಲಿಸುವ ಸಾಧನ ಸಹಿತ 3,500 ರೂಪಾಯಿಗೆ ದೊರೆಯಿತು.

ಎರಡನೆಯದು ಗಾಲಿ. ಇಲ್ಲಿ ಕೃಪಣತನ ಸಲ್ಲದು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಹಿಡಿಯುವುದು ಬಹಳ ಕಡಿಮೆ. ಅಲ್ಯುಮಿನಿಯಮ್ ರಿಮ್ಮಿನ ಮೇಲೆ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಜೀವದ ಪ್ರಶ್ನೆಯಾದ್ದರಿಂದ ಅಂಥ ಎರಡು ಗಾಲಿಗಳಿಗೆ 3,400 ರೂಪಾಯಿ ಕೊಟ್ಟೆನು. ಕೊಳ್ಳುವ ಮುನ್ನ ಹಿಂದಿನ ಗಾಲಿ ಕೂಡುವ ಜಾಗದ ಅಗಲವನ್ನು ಅಳೆದಿದ್ದೆ: 126 ಮಿಲಿಮೀಟರು. ಗಾಲಿಯ ಅಚ್ಚೂ ಅಷ್ಟೇ ಇರಬೇಕು.

ಇಷ್ಟು ಜಾಣನಾದ ನಾನು ಟೈರಿನಲ್ಲಿ ಮೋಸಹೋದೆನು; ಮೋಸ ಮಾಡಿದವರು ಯಾರೂ ಅಲ್ಲ, ನನ್ನ ಅಜ್ಞಾನವೇ. ತಂದೆಯವರ ಸೈಕಲ್ಲಿನ ಟೈರು 28 ಇಂಚಿನದು. ನನ್ನ ಗಾಲಿಯೂ 28 ಎಂದು ಕೇಳಿದ್ದೆನು. ಅಗಲ ಹೆಚ್ಚಾದರೇನು, ಸೋವಿಯಲ್ಲವೆ ಎಂದು 600 ರೂಪಾಯಿ ಕೊಟ್ಟು ಸಾದಾ ಸೈಕಲ್ಲಿನ ಟೈರು, ಟ್ಯೂಬುಗಳನ್ನು ತಂದೆನು. ಟೈರು ರಿಮ್ಮಿನ ಮೇಲೆ ಸರಾಗವಾಗಿ ಏರಿತು, ನನಗೆ ಹಿಗ್ಗು. ಹವಾ ಹಾಕಿದೊಡನೆ ಅಂಚು ಜಾರಿ, ಟ್ಯೂಬು ಹೊರಗೆ ಉಬ್ಬಿ, ಢಂ ಎಂದು ಒಡೆಯಿತು! ಓಣಿಯ ಸೈಕಲ್ ರಿಪೇರಿಯ ಕಾಕಾ ಬಂದು ನೋಡಿ, “ಅಳತಿ ನೋಡಲಾರದ ತಂದೀಯೇನೋ ತಮ್ಮಾ? ಗಾಲಿ ರೊಕ್ಕದ ಮ್ಯಾಲ ಕೂಡೂದಿಲ್ಲ, ಅಳತಿ ಮ್ಯಾಲ ಕೂಡತೈತಿ” ಎಂದರು.

ಟೈರಿನ ಬದಿಗೆ ಸಣ್ಣ ಅಕ್ಷರದಲ್ಲಿ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಅಗಲ, ಎರಡನೆಯದು ಟೈರು ಕೂಡುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಸಾದಾ ಸೈಕಲ್ಲಿನ 28 × 1½ ಟೈರಿಗೆ ಅದು 635. 700ಸಿ ಎಂದು ಕರೆಯುವ ರೋಡ್ ಸೈಕಲ್ಲಿನ ಗಾಲಿಗೆ 622. ಹೆಸರಿನಲ್ಲಿ ಎರಡೂ 28 ಇಂಚೇ. ನಿಜದಲ್ಲಿ 13 ಮಿಲಿಮೀಟರಿನ ಭೇದ. ಹಳೆಯ 27 ಇಂಚಿನ ಗಾಲಿಗೆ 630. ಈ ಮೂರು ಅಂಕೆಗಳು ನನಗೆ ಮೊದಲೇ ತಿಳಿದಿದ್ದರೆ ಪರೀಕ್ಷೆಯ ಶುಲ್ಕ ಉಳಿಯುತ್ತಿತ್ತು.

ಮೂರನೆಯದು ಗೇರು. ತಂದೆಯವರ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5.5 ಮೀಟರು ಸಾಗುತ್ತದೆ. ಏರಿರಲಿ, ಇಳಿಜಾರಿರಲಿ ಅಷ್ಟೇ. ನನ್ನದರಲ್ಲಿ ಮುಂದೆ 52 ಮತ್ತು 42, ಹಿಂದೆ 14ರಿಂದ 28. ಏರಿನಲ್ಲಿ 42ಕ್ಕೆ 28 ಹಾಕಿದರೆ ಒಂದು ಸುತ್ತಿಗೆ 3.2 ಮೀಟರು, ಬಯಲಿನಲ್ಲಿ 52ಕ್ಕೆ 14 ಹಾಕಿದರೆ 7.8 ಮೀಟರು. ಗೇರು ಶಕ್ತಿಯನ್ನು ಕೊಡುವುದಿಲ್ಲ. ಇದ್ದ ಶಕ್ತಿಯನ್ನು ದಾರಿಗೆ ತಕ್ಕಂತೆ ಹಂಚಿಕೊಳ್ಳಲು ಬಿಡುತ್ತದೆ. ಹಳೆಯ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. ಇಂಚಿನ 16ರಲ್ಲಿ ಒಂದು ಪಾಲು ಹೆಚ್ಚಿದ್ದರೆ ಚೈನು ಬದಲಿಸಬೇಕು. 8ರಲ್ಲಿ ಒಂದು ಪಾಲು ಹೆಚ್ಚಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುವ ಸಂಭವವೇ ಹೆಚ್ಚು. ನನ್ನದು ಎರಡನೆಯ ಸ್ಥಿತಿಯದು. ಎರಡಕ್ಕೂ 900 ರೂಪಾಯಿ ಆಯಿತು.

ಜೋಡಣೆಗೆ ನಾಲ್ಕು ಭಾನುವಾರ ಹಿಡಿದವು. ಅಚ್ಚಿನ ಉಕ್ಕಿನ ಗುಂಡುಗಳನ್ನು ತೆಗೆದು, ತೊಳೆದು, ಸವೆದವನ್ನು ಬದಲಿಸಿ, ಹೊಸ ಗ್ರೀಸು ತುಂಬಿದೆನು. ಎಡಗಡೆಯ ಪೆಡಲಿನ ಮರೆ ತಿರುವುಮುರುವು ಎಂಬುದನ್ನು ಅರಿಯದೆ ಅರ್ಧ ದಿನ ಪಾನಾ ಹಿಡಿದು ಗುದ್ದಾಡಿದೆನು. ಬಿಚ್ಚುತ್ತೇನೆಂದು ತಿಳಿದು ಅದನ್ನು ಬಿಗಿಯುತ್ತಲೇ ಇದ್ದೆ! ಸೀಟಿನ ಮತ್ತು ಹ್ಯಾಂಡಲ್ಲಿನ ಕೊಳವೆಗಳ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಅದು ಹೊರಗೆ ಕಾಣುವಷ್ಟು ಮೇಲಕ್ಕೆಳೆದರೆ ಅಪಾಯ.

ಖರ್ಚಿನ ತಖ್ತೆ ಇಂತಿದೆ: ಫ್ರೇಮು 3,500, ಗಾಲಿ 3,400, ಸರಿಯಾದ ಟೈರು, ಟ್ಯೂಬು 1,400, ಬ್ರೇಕು ಮತ್ತು ತಂತಿ 850, ಚೈನು, ಹಲ್ಲುಗಳು 900, ಗುಂಡು, ಗ್ರೀಸು 150, ಹೆಲ್ಮೆಟ್ಟು 700, ಅಜ್ಞಾನ 600. ಒಟ್ಟು 11,500. ಹೆಲ್ಮೆಟ್ಟು ಬಿಟ್ಟರೆ ಶುಲ್ಕಕ್ಕೆ ಹಣ ಉಳಿಯುವುದೆಂಬ ಆಸೆ ಬಂದಿತ್ತು. ಅವ್ವ ಒಪ್ಪಲಿಲ್ಲ. ಮತ್ತೆರಡು ಭಾನುವಾರ ತೋಟಕ್ಕೆ ಹೋಗಿ ದುಡಿದು ಶುಲ್ಕವನ್ನು ತುಂಬಿದೆನು.

ಈಗ ಬಸ್ಸಿನ ಚಿಂತೆಯಿಲ್ಲ. ಮುಕ್ಕಾಲು ತಾಸಿಗೆ ಕಾಲೇಜು ತಲುಪುತ್ತೇನೆ. ಹಾಜರಿ ಗೆರೆಯನ್ನು ದಾಟಿದೆ. ಹಣ ಕಡಿಮೆಯಿದ್ದವನಿಗೆ ಅಳತೆಯ ಪಟ್ಟಿಯೇ ಬಂಡವಾಳ. ಕೊಳ್ಳುವ ಮೊದಲು ಅಳೆಯಿರಿ; ಬಣ್ಣದಲ್ಲಿ ಉಳಿಸಿರಿ, ಬ್ರೇಕಿನಲ್ಲಿ ಉಳಿಸಬೇಡಿರಿ. ನನ್ನಂತೆ ಸೈಕಲ್ಲು ಜೋಡಿಸಬೇಕೆಂಬ ಮಿತ್ರರು ಯಾರಾದರೂ ಇದ್ದರೆ ನನ್ನ ಪಾನಾ, ದಾರ, ಅಳತೆಯ ಪಟ್ಟಿ ಮೂರನ್ನೂ ಎರವಲು ಕೊಡಲು ಸಿದ್ಧನಿದ್ದೇನೆ. ಒಡೆದ ಟ್ಯೂಬನ್ನೂ ಇಟ್ಟುಕೊಂಡಿದ್ದೇನೆ. ಬೇಕಾದವರು ಬಂದು ನೋಡಬಹುದು.